ಸಿ ಡ್ರೈವಿನ ತೆರವು ಯಾರ ಹೊಣೆ?

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ ತಿಂಗಳಿಂದ ಉಚಿತವಾಗಿ ಒದಗಿಸುತ್ತ ಬಂದಿದ್ದ ರಕ್ಷಣೆಯು 2025ರ ಅಕ್ಟೋಬರ್ 14ರಂದು ಸಮಾಪ್ತವಾದ ಬಳಿಕ, ಬಳ್ಳಾರಿಯ ದೊಡ್ಡ ಕಛೇರಿಗಳಲ್ಲಿ ಮಾತ್ರವಲ್ಲದೆ ಕುಡತಿನಿಯಂತಹ ಪಟ್ಟಣದ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರು, ಲೆಕ್ಕ ಬರೆಯುವವರ ಕೋಣೆ ಇವುಗಳಲ್ಲಿಯೂ ಹಳೆಯ ಕಂಪ್ಯೂಟರನ್ನು ಮುಂದಿನ ಆವೃತ್ತಿಗೆ ಏರಿಸುವುದು ಹೇಗೆಂಬ ಚಿಂತೆ ತಲೆದೋರಿದೆ. ಕೆಲವು ಯಂತ್ರಗಳಿಗೆ ಆ ಯೋಗ್ಯತೆಯೇ ಇಲ್ಲ; ಹೊಸ ಆವೃತ್ತಿಯು ಅಪೇಕ್ಷಿಸುವ ರಕ್ಷಣಾ ಚಿಪ್ ಅವುಗಳಲ್ಲಿರುವುದಿಲ್ಲ. ಅವುಗಳ ಮಾತು ಬೇರೆ. ಯೋಗ್ಯತೆಯುಳ್ಳ ಯಂತ್ರಗಳಾದರೂ ಗಂಟೆಗಟ್ಟಲೆ ಶೇಕಡಾ ಅಂಕಿಗಳನ್ನು ತೋರಿಸಿ, ನಡುನಡುವೆ ಆರಿ ಹೊತ್ತಿ, ಕಡೆಗೆ ತಮ್ಮ ಪೂರ್ವಾವಸ್ಥೆಗೇ ಹಿಂದಿರುಗುವುದುಂಟು. ಅದಕ್ಕೆ ಕಾರಣವನ್ನು ಶೋಧಿಸಿದರೆ ಬಹುಮಟ್ಟಿಗೆ ದೊರೆಯುವ ಉತ್ತರ ಅತ್ಯಂತ ಸಾಧಾರಣವಾದುದು: ಡಿಸ್ಕಿನಲ್ಲಿ ಜಾಗವಿಲ್ಲ. ಆಗ ಕೇಳಿಬರುವ ಮಾತೂ ಅಷ್ಟೇ ಸಾಧಾರಣವಾದುದು: ಸಿಕ್ಕಿದ್ದನ್ನೆಲ್ಲ ತುಂಬಿಕೊಂಡವನ ತಪ್ಪು. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ.

ಅಪ್‌ಗ್ರೇಡ್ ಎಂಬುದು ಹಳೆಯದನ್ನು ತೆಗೆದು ಆ ಸ್ಥಾನದಲ್ಲಿ ಹೊಸದನ್ನಿಡುವ ಸರಳ ವಿನಿಮಯವೆಂದು ಭಾವಿಸುವುದು ಸಹಜ, ವಸ್ತುಸ್ಥಿತಿ ಹಾಗಲ್ಲ. ಹಲವು ಜಿಬಿಗಳಷ್ಟು ಕಡತಗಳು ಮೊದಲು ಇಳಿದು ಬಂದು, ಸಾಮಾನ್ಯ ದೃಷ್ಟಿಗೆ ಗೋಚರವಾಗದ ಫೋಲ್ಡರೊಂದರಲ್ಲಿ ಬಿಚ್ಚಿಕೊಂಡು, ಹಳೆಯ ವ್ಯವಸ್ಥೆಯು ಇನ್ನೂ ಕೆಲಸದಲ್ಲಿರುವಾಗಲೇ ಹೊಸದು ಅದರ ಮಗ್ಗುಲಲ್ಲಿ ಸಿದ್ಧವಾಗತಕ್ಕದ್ದು. ಆಮೇಲೆ ಹಳೆಯದು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿದು, ಹೊಸದು ಹಿಡಿಸದಿದ್ದರೆ ಹಿಂದಿರುಗುವುದಕ್ಕೆ ದಾರಿಯಿರಲೆಂದು ಸಾಮಾನ್ಯವಾಗಿ ಹತ್ತು ದಿನಗಳ ಕಾಲ ಅಲ್ಲಿದ್ದು, ಅನಂತರ ತಾನಾಗಿಯೇ ಅಳಿಯುತ್ತದೆ. ಅಂದರೆ ಕೆಲವು ದಿನಗಳ ಮಟ್ಟಿಗೆ ಒಂದೇ ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳ ಸಹವಾಸ. ದಿನನಿತ್ಯದ ಕೆಲಸಕ್ಕೆ ಸಾಲುವಷ್ಟು ಜಾಗವಿದ್ದ ಮಾತ್ರಕ್ಕೆ ಈ ಸಹವಾಸಕ್ಕೂ ಸಾಲುವುದೆಂಬ ಭರವಸೆಯಿಲ್ಲ; ನಿನ್ನೆಯವರೆಗೆ ನಿರಾತಂಕವಾಗಿ ಪಹಣಿ ಮುದ್ರಿಸುತ್ತಿದ್ದ ಯಂತ್ರವು ಇಂದು ಅಪ್‌ಗ್ರೇಡಿಗೆ ಒಲ್ಲೆನೆನ್ನುವುದು ಇದರಿಂದ.

ಕುಡತಿನಿಯವರಿಗೆ ಇದನ್ನು ತಿಳಿಸಲು ದೂರದ ನಿದರ್ಶನ ಬೇಕಿಲ್ಲ. ಇಲ್ಲಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 500 ಮೆಗಾವಾಟಿನ ಎರಡು ಹಾಗೂ 700 ಮೆಗಾವಾಟಿನ ಒಂದು, ಒಟ್ಟು 1,700 ಮೆಗಾವಾಟ್ ಸಾಮರ್ಥ್ಯದ ಘಟಕಗಳಿವೆ. ಅವುಗಳಿಗೆ ಕಲ್ಲಿದ್ದಲು ಎಷ್ಟು ಅವಶ್ಯಕವೋ, ಉರಿದುಳಿದ ಬೂದಿಯನ್ನು ಸಾಗಹಾಕಲು ಬೂದಿಹೊಂಡವೂ ಅಷ್ಟೇ ಅವಶ್ಯಕ, ಮತ್ತು ಆ ಹೊಂಡದ ವಿಸ್ತಾರವನ್ನು ಕೇಂದ್ರದ ನಕ್ಷೆ ಬರೆಯುವಾಗಲೇ ಲೆಕ್ಕಹಾಕಿರುತ್ತಾರೆ. (ಬೂದಿಯ ಸಂಗತಿಯಲ್ಲಿ ನಮ್ಮ ಊರಿಗೆ ಇನ್ನೂ ಪುರಾತನವಾದ ಖ್ಯಾತಿಯಿದೆ, ನವಶಿಲಾಯುಗದ ಗೋಪಾಲಕರು ಸುಟ್ಟ ಸಗಣಿಯ ದಿಬ್ಬವನ್ನು ನೋಡಲು ಪುರಾತತ್ತ್ವಜ್ಞರು ಇಲ್ಲಿಗೆ ಬರುತ್ತಾರೆ.) ಬೂದಿಗೆ ಜಾಗವಿಲ್ಲದೆ ಉರಿ ನಿಂತರೆ ಯಾವ ಇಂಜಿನಿಯರನೂ ಕುಲುಮೆಯ ಮುಂದೆ ನಿಂತ ಕೂಲಿಕಾರನನ್ನು ದೂಷಿಸನು, ನಕ್ಷೆ ಬರೆದವನನ್ನು ಕೇಳುತ್ತಾನೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಕೂಲಿಕಾರನನ್ನು ಹಿಡಿದುಕೊಳ್ಳುತ್ತೇವೆ.

ಯಂತ್ರವಾದರೂ ತನ್ನ ಕಷ್ಟವನ್ನು ಬಿಡಿಸಿ ಹೇಳುವುದೆ? ಜಾಗದ ಅಭಾವವನ್ನು ಅದು ಅನೇಕ ವೇಳೆ ಸೊನ್ನೆ, ಎಕ್ಸ್, ಆ ಮೇಲೆ 80070070 ಎಂಬ ಸಂಕೇತದಿಂದ ಸೂಚಿಸುತ್ತದೆ. ಇದರ ಕಡೆಯ 70ನ್ನು ಹದಿನಾರರ ಮಾನದಲ್ಲಿ ಓದಿ ನಮ್ಮ ದಶಮಾನಕ್ಕೆ ತಂದರೆ 112 ಆಗುತ್ತದೆ. ವಿಂಡೋಸಿನ ದೋಷಗಳ ಪಟ್ಟಿಯಲ್ಲಿ 112 ಎಂದರೆ ಡಿಸ್ಕು ತುಂಬಿದೆ ಎಂದು ಅರ್ಥ. ನಮ್ಮ ದೇಶದಲ್ಲಿ ಆಪತ್ತಿನ ಕರೆಗೂ ಇದೇ ಸಂಖ್ಯೆಯಿರುವುದು ಕೇವಲ ಆಕಸ್ಮಿಕವಾದರೂ ಅನುಚಿತವೇನಲ್ಲ. ಆದರೆ ಸಿರುಗುಪ್ಪದಿಂದ ಭತ್ತದ ನೋಂದಣಿಗೆಂದು ಬಂದ ರೈತನನ್ನು ಎದುರಿಗೆ ಕೂರಿಸಿಕೊಂಡಿರುವ ಅಂಗಡಿಯವನು ಹದಿನಾರರ ಮಾನವನ್ನು ಬಿಡಿಸುತ್ತ ಕುಳಿತಿರಬೇಕೆಂದು ನಿರೀಕ್ಷಿಸತಕ್ಕದ್ದಲ್ಲ. ಎಷ್ಟು ಜಿಬಿ ಬೇಕು, ಎಷ್ಟಿದೆ, ಯಾವ ಫೋಲ್ಡರು ಎಷ್ಟನ್ನು ನುಂಗಿದೆ ಎಂಬುದನ್ನು ಹೇಳಬಲ್ಲ ತಂತ್ರಾಂಶವು ಅದನ್ನು ಪ್ರತಿ ಬಾರಿಯೂ ಮೊದಲ ಹೆಜ್ಜೆಯಲ್ಲಿಯೇ ಹೇಳದೆ ಸಂಕೇತದ ಮರೆಯಲ್ಲಿ ನಿಲ್ಲುವುದು ಸೌಜನ್ಯದ ಲಕ್ಷಣವಲ್ಲ.

ಇನ್ನು ನಮ್ಮ ಕಡೆಯ ಯಂತ್ರಗಳ ಒಳಸ್ಥಿತಿಯನ್ನು ಸ್ವಲ್ಪ ಸಮೀಪದಿಂದ ನೋಡೋಣ. 500 ಜಿಬಿಯ ಡಿಸ್ಕನ್ನು ಜೋಡಿಸಿಕೊಡುವವರು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಪದ್ಧತಿಯೆಂದರೆ, ಅದನ್ನು ಸಿ, ಡಿ, ಇ ಎಂದು ವಿಭಾಗಿಸಿ, ಸಿ ಎಂಬ ಮೊದಲನೆಯ ಭಾಗಕ್ಕೆ ಸಿಸ್ಟಮ್ ಹಿಡಿಯುವಷ್ಟು ಮಾತ್ರ ಕೊಟ್ಟು, ಮಿಕ್ಕದ್ದನ್ನೆಲ್ಲ ‘ನಿಮ್ಮ ಡೇಟಾಕ್ಕೆ’ ಎಂದು ಉಳಿದ ಭಾಗಗಳಿಗೆ ಹಂಚುವುದು. ಈ ವಿಭಾಗದ ಉದ್ದೇಶ ಸಾಧುವಾದುದೇ. ಸಿಸ್ಟಮ್ ಕೆಟ್ಟರೂ ಕಡತಗಳು ಉಳಿಯಲೆಂಬುದು. ಆದರೆ ಮದುವೆಯ ಆಮಂತ್ರಣ ಪತ್ರಿಕೆಯ ಕೋರಲ್‌ಡ್ರಾ ಕಡತ, ಜೀನ್ಸ್ ಕಾರ್ಖಾನೆಯ ಲೇಬಲ್ಲಿನ ಫೋಟೋಶಾಪ್ ವಿನ್ಯಾಸ, ಗೃಹಲಕ್ಷ್ಮಿ ಅರ್ಜಿಗೆಂದು ಸ್ಕ್ಯಾನ್ ಮಾಡಿದ ಆಧಾರ್ ಕಾರ್ಡು, ವಾಟ್ಸಾಪಿನಲ್ಲಿ ಬಂದಿಳಿದ ಪಿಡಿಎಫ್ ಇವೆಲ್ಲವೂ ಹೋಗಿ ಕೂರುವುದು ಡೆಸ್ಕ್‌ಟಾಪಿನ ಮೇಲೆ ಅಥವಾ ಡೌನ್‌ಲೋಡ್ಸ್ ಫೋಲ್ಡರಿನೊಳಗೆ. ಕಣ್ಣಿಗೆ ಹೊರಗಡೆ ಹರಡಿದಂತೆ ಕಾಣುವ ಆ ಡೆಸ್ಕ್‌ಟಾಪು ವಾಸ್ತವದಲ್ಲಿ ಸಿ ಡ್ರೈವಿನ ಗರ್ಭದಲ್ಲಿಯೇ ಇದೆ ಎಂಬುದನ್ನು ಅನೇಕರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೀಗಾಗಿ ‘ದಿಸ್ ಪಿಸಿ’ ತೆರೆದರೆ ಸಿ ಡ್ರೈವಿನ ಪಟ್ಟಿ ಶೇಕಡಾ ಹತ್ತಕ್ಕಿಂತ ಕಡಮೆ ಜಾಗ ಉಳಿದುದರಿಂದ ಕೆಂಪಗೆ ತಿರುಗಿರುತ್ತದೆ, ಮಗ್ಗುಲ ಡಿ ಡ್ರೈವ್ ಮಾತ್ರ ಮುಕ್ಕಾಲು ಪಾಲು ಬರಿದಾಗಿರುತ್ತದೆ. ಜಾಗವಿಲ್ಲದೆ ಅಪ್‌ಗ್ರೇಡ್ ನಿಂತ ಯಂತ್ರದಲ್ಲಿ ಜಾಗವಿಲ್ಲವೆಂದಲ್ಲ, ಅದು ಬೇಕಾದ ಕಡೆ ಇಲ್ಲ.

ಈ ಸ್ಥಿತಿಗೆ ಊರೂರಿನಲ್ಲಿಯೂ ಸಿದ್ಧವಾಗಿರುವ ಔಷಧ ಒಂದೇ: “ಸಿ ಡ್ರೈವ್ ಫುಲ್ ಆಗೈತಣ್ಣ, ಫಾರ್ಮ್ಯಾಟ್ ಹೊಡೆದ್ ಕೊಡ್ತೀನಿ ಬಿಡ್ರಿ.” ಹೇಳುವವನು ದುರುದ್ದೇಶದಿಂದ ಹೇಳುವುದಿಲ್ಲ, ಅವನ ಹೊತ್ತಿಗೂ ಬೆಲೆಯಿದೆ. ಆದರೆ ಫಾರ್ಮ್ಯಾಟಿನೊಡನೆ ಡೆಸ್ಕ್‌ಟಾಪಿನ ಮೇಲಿದ್ದುದೆಲ್ಲ ಹೋಗುತ್ತದೆ, ನುಡಿ ತಂತ್ರಾಂಶ ಹೋಗುತ್ತದೆ, ವರ್ಷಗಟ್ಟಲೆ ಕೂಡಿಸಿಟ್ಟ ಅಕ್ಷರಶೈಲಿಗಳು ಹೋಗುತ್ತವೆ, ಸಿ ಡ್ರೈವಿನಲ್ಲಿಯೇ ಉಳಿದಿದ್ದ ಟ್ಯಾಲಿ ಲೆಕ್ಕ ಹೋಗುತ್ತದೆ, ಪ್ರಿಂಟರು ಸ್ಕ್ಯಾನರುಗಳನ್ನು ಪುನಃ ಒಲಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಮೊದಲು ಮಾಡಬಹುದಾದುದು ಬಹಳವಿದೆ, ಮತ್ತು ಅದರಲ್ಲಿ ವಿದ್ವತ್ತಿಗಿಂತ ತಾಳ್ಮೆಯೇ ಹೆಚ್ಚಾಗಿ ಬೇಕು. ಮುಖ್ಯ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕೂ ಮೊದಲ ಕೆಲಸ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್ ಮೊದಲಾದ ಫೋಲ್ಡರುಗಳಲ್ಲಿದ್ದ ಕಡತಗಳನ್ನೇ ಅಳಿಸಿ, ಸಂಸ್ಥೆಯು ಅದನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದುದು ಮರೆಯತಕ್ಕ ಸಂಗತಿಯಲ್ಲ. ಬಳಿಕ ರೀಸೈಕಲ್ ಬಿನ್ ಬರಿದುಮಾಡಿ, ಡಿಸ್ಕ್ ಕ್ಲೀನಪ್ಪಿನಲ್ಲಿ ಸಿಸ್ಟಮ್ ಕಡತಗಳನ್ನೂ ಸೇರಿಸಿ ಹಳೆಯ ಅಪ್‌ಡೇಟುಗಳ ಅವಶೇಷಗಳನ್ನು ತೆಗೆಸಿ, ಡೌನ್‌ಲೋಡ್ಸ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಲೊಕೇಶನ್ ಎಂಬಲ್ಲಿ ಅದರ ನೆಲೆಯನ್ನೇ ಡಿ ಡ್ರೈವಿಗೆ ಬದಲಾಯಿಸಿದರೆ, ಎಷ್ಟೋ ಯಂತ್ರಗಳಲ್ಲಿ ಹತ್ತಾರು ಜಿಬಿ ತೆರವಾಗುವುದುಂಟು. ಹೈಬರ್ನೇಶನ್ ಬಳಸದವರು ಅದನ್ನು ನಿಲ್ಲಿಸಿದರೆ, 8 ಜಿಬಿ ರ‍್ಯಾಮ್ ಇರುವಲ್ಲಿ ಮೂರು ಜಿಬಿಗೂ ಮಿಗಿಲಾದ ಗುಪ್ತ ಕಡತವೊಂದು ಮಾಯವಾಗುತ್ತದೆ. ವಿಂಡೋಸ್ ಫೋಲ್ಡರಿನೊಳಗೆ ಕೈಯಿಟ್ಟು ದೊಡ್ಡದಾಗಿ ಕಂಡದ್ದನ್ನು ಅಳಿಸುವ ಸಾಹಸ ಮಾತ್ರ ಸರ್ವಥಾ ಕೂಡದು.

ಸಿ ಡ್ರೈವನ್ನೇ ವಿಸ್ತರಿಸಬಾರದೆ ಎಂದು ಕೆಲವರು ಕೇಳುವರು. ಆಗಬಹುದು, ಆದರೆ ವಿಂಡೋಸಿನ ಸ್ವಂತ ಸಾಧನದಿಂದ ಅದನ್ನು ಮಾಡಬೇಕಾದರೆ ಸಿ ಡ್ರೈವಿನ ಬಲಗಡೆಗೆ ಅಂಟಿಕೊಂಡೇ ಹಂಚಿಕೆಯಾಗದ ಜಾಗವಿರಬೇಕು, ಅದಕ್ಕಾಗಿ ಡಿ ಡ್ರೈವಿನಲ್ಲಿದ್ದುದನ್ನು ಹೊರಗೆ ಸಾಗಿಸಿ ಆ ವಿಭಾಗವನ್ನೇ ಅಳಿಸಬೇಕು, ಎರಡರ ನಡುವೆ ರಿಕವರಿ ಎಂಬ ಸಣ್ಣ ವಿಭಾಗವು ಬಾಗಿಲ ಕಾವಲಿನವನಂತೆ ನಿಂತಿದ್ದರೆ ಅಷ್ಟು ಮಾಡಿಯೂ ಫಲವಿಲ್ಲ.

ಇಷ್ಟೂ ಬಳಕೆದಾರನ ಪಾಲಿನ ಕೆಲಸವಾಯಿತು. ತಯಾರಕರ ಪಾಲಿನದು ಎಲ್ಲಿ? 2015ರಲ್ಲಿ ವಿಂಡೋಸ್ 10 ಹೊರಬಂದಾಗ ಅದಕ್ಕೆ 16 ಅಥವಾ 20 ಜಿಬಿ ಸಾಕೆಂದು ಪ್ರಕಟಿಸಿದ್ದರು. ಆಗ 32 ಜಿಬಿಯ ಅಗ್ಗದ ಲ್ಯಾಪ್‌ಟಾಪುಗಳು ಮಾರುಕಟ್ಟೆಯಲ್ಲಿದ್ದವು. ಪೆಟ್ಟಿಗೆಯ ಮೇಲೆ 32 ಎಂದು ಅಚ್ಚಾಗಿದ್ದರೂ, ಸಾವಿರದ ಲೆಕ್ಕಕ್ಕೂ 1,024ರ ಲೆಕ್ಕಕ್ಕೂ ಇರುವ ಅಂತರದಿಂದ ಯಂತ್ರ ತೋರಿಸುವುದು 30ಕ್ಕೂ ಕಡಮೆ, ಅದರಲ್ಲಿ ಸಿಸ್ಟಮ್ ಆಕ್ರಮಿಸಿದ್ದು ಹೋಗಿ ಕೊಂಡವನಿಗೆ ದಕ್ಕುವುದು ಮತ್ತೂ ಕಡಮೆ. 2019ರ ಮೇ ತಿಂಗಳ ಆವೃತ್ತಿಯೊಡನೆ ಅದೇ ಸಂಸ್ಥೆಯು ಕನಿಷ್ಠ ಪ್ರಮಾಣವನ್ನು 32 ಜಿಬಿಗೆ ಏರಿಸಿತು. 2021ರಲ್ಲಿ ವಿಂಡೋಸ್ 11 ಬಂದಾಗ ಅದು 64 ಆಯಿತು. ಗಮನಾರ್ಹವಾದ ಸಂಗತಿಯೆಂದರೆ, 2019ರ ಅದೇ ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ಸುಮಾರು 7 ಜಿಬಿಯನ್ನು ಅಪ್‌ಡೇಟುಗಳಿಗಾಗಿಯೇ ಮೀಸಲಿಡುವ ಏರ್ಪಾಡನ್ನು ಅವರೇ ಮಾಡಿದರು. ತೆರವಾದ ಜಾಗವು ಯಂತ್ರದ ಒಂದು ಅಂಗವೆಂಬುದನ್ನು ತಯಾರಕರೇ ಒಪ್ಪಿಕೊಂಡ ಕ್ಷಣವಿದು. ಆದರೆ ಹಳೆಯ ಆವೃತ್ತಿಯಿಂದ ಏರಿಬಂದ ಯಂತ್ರಗಳಿಗೆ ಆ ಮೀಸಲಾತಿ ಆಗ ಅನ್ವಯಿಸಲಿಲ್ಲ. ಅದರ ಅಗತ್ಯ ಅತ್ಯಂತ ಹೆಚ್ಚಾಗಿದ್ದುದು ಆ ಯಂತ್ರಗಳಿಗೇ.

ಇದಕ್ಕಿಂತಲೂ ವಿಲಕ್ಷಣವಾದುದು 2024ರ ಜನವರಿಯ ಪ್ರಸಂಗ. ರಿಕವರಿ ವಿಭಾಗದಲ್ಲಿದ್ದ ರಕ್ಷಣಾದೋಷವೊಂದನ್ನು ಸರಿಪಡಿಸಲೆಂದು ಆ ತಿಂಗಳ 9ರಂದು ಬಂದ ಅಪ್‌ಡೇಟು, ಆ ಗುಪ್ತ ವಿಭಾಗದಲ್ಲಿ 250 ಎಂಬಿ ಖಾಲಿಯಿಲ್ಲದ ಯಂತ್ರಗಳಲ್ಲೆಲ್ಲ ವಿಫಲವಾಯಿತು. ಅಷ್ಟೇ ಅಲ್ಲದೆ ಜಾಗದ ಮಾತನ್ನೇ ಎತ್ತದ ಬೇರೊಂದು ದೋಷಸಂಕೇತವನ್ನು ತೋರಿಸಿತು. ಅನೇಕ ಯಂತ್ರಗಳಲ್ಲಿ ಆ ವಿಭಾಗವನ್ನು ಅಷ್ಟು ಕಿರಿದಾಗಿ ರಚಿಸಿದ್ದವನು ಬಳಕೆದಾರನಲ್ಲ, ವಿಂಡೋಸಿನ ಸೆಟಪ್ಪೇ. ಪರಿಹಾರವಾಗಿ ಸಂಸ್ಥೆಯು ಪ್ರಕಟಿಸಿದ್ದಾದರೂ ಏನು? ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಕ್‌ಪಾರ್ಟ್ ಆಜ್ಞೆಗಳನ್ನು ಒಂದೊಂದಾಗಿ ಟೈಪು ಮಾಡಿ ವಿಭಾಗವನ್ನು ಕೈಯಾರೆ ಹಿಗ್ಗಿಸಿಕೊಳ್ಳಿರೆಂಬ ಉಪದೇಶ. ಒಂದು ಅಂಕಿ ತಪ್ಪಿದರೆ ಬೇರೆ ವಿಭಾಗವೇ ಅಳಿಯಬಹುದಾದ ಈ ಕೆಲಸವನ್ನು ಗೃಹಸ್ಥನ ತಲೆಗೆ ಕಟ್ಟಿ, ಕೆಲವು ತಿಂಗಳ ತರುವಾಯ ತಾನಾಗಿ ಸರಿಹೋಗುವ ಪರಿಹಾರವನ್ನು ಒದಗಿಸುವುದಿಲ್ಲವೆಂದೂ ತಿಳಿಸಿದರು. ತಾವು ಕಟ್ಟಿದ ಮನೆಯ ಅಳತೆಯ ತಪ್ಪನ್ನು ತಿದ್ದಲು ಬಾಡಿಗೆದಾರನ ಕೈಗೆ ಗುದ್ದಲಿ ಕೊಟ್ಟವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ದೊಡ್ಡವರಾದರೂ ಈ ಲೆಕ್ಕದಲ್ಲಿ ಎಡವದವರಲ್ಲ. 2023ರ ಆಗಸ್ಟ್ ಕಡೆಯಲ್ಲಿ ಟೊಯೋಟಾ ಸಂಸ್ಥೆಯು ಜಪಾನಿನಲ್ಲಿರುವ ತನ್ನ 14 ಕಾರ್ಖಾನೆಗಳನ್ನು ನಿಲ್ಲಿಸಬೇಕಾಯಿತು. ಸೈಬರ್ ದಾಳಿಯಿರಬಹುದೆಂದು ಲೋಕವೆಲ್ಲ ಊಹಿಸುತ್ತಿದ್ದಾಗ ಸಂಸ್ಥೆಯೇ ಕೊಟ್ಟ ವಿವರಣೆ ಬೇರೆಯಾಗಿತ್ತು: 27ರಂದು ನಡೆದ ನಿಯತ ನಿರ್ವಹಣಾ ಕಾರ್ಯದಲ್ಲಿ ಹಳೆಯ ದತ್ತಾಂಶವನ್ನು ಅಳಿಸಿ ಅಣಿಗೊಳಿಸುತ್ತಿರುವಾಗ ಡಿಸ್ಕಿನಲ್ಲಿ ಜಾಗ ಸಾಲದೆ, ಬಿಡಿಭಾಗಗಳ ಆದೇಶವನ್ನು ನಿರ್ವಹಿಸುವ ಸರ್ವರುಗಳು ನಿಂತವು; ಬದಲಿಗಿದ್ದ ವ್ಯವಸ್ಥೆಯೂ ಅದೇ ಏರ್ಪಾಡಿನದಾದ್ದರಿಂದ ಅದೂ ಅದೇ ಬಗೆಯಲ್ಲಿ ಸೋತಿತು; ಹೆಚ್ಚು ಸಾಮರ್ಥ್ಯದ ಸರ್ವರಿಗೆ ದತ್ತಾಂಶವನ್ನು ವರ್ಗಾಯಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಜಾಗ ಮಾಡುವುದಕ್ಕೂ ಜಾಗ ಬೇಕು ಎಂಬ ಈ ವಿಪರೀತವನ್ನು ಅಂತಹ ಸಂಸ್ಥೆಯೇ ಮುಂಗಾಣದಿದ್ದಾಗ, ಕುರುಗೋಡಿನ ಡಿಟಿಪಿ ಅಂಗಡಿಯವನಿಂದ ಅದನ್ನು ಅಪೇಕ್ಷಿಸುವುದು ನ್ಯಾಯವೆ? ಉಚಿತ ತಂತ್ರಾಂಶದವರಿಗೂ ಇದರಿಂದ ಬಿಡುಗಡೆಯಿಲ್ಲ. ಉಬುಂಟುವಿನಲ್ಲಿ ಬೂಟ್ ವಿಭಾಗವನ್ನು ಪ್ರತ್ಯೇಕವಾಗಿ ಕಿರಿದಾಗಿ ಇಟ್ಟವರು, ಹಳೆಯ ಕರ್ನೆಲ್‌ಗಳು ಅಲ್ಲಿ ಜಮಾಯಿಸಿ ಅಪ್‌ಗ್ರೇಡ್ ನಿಂತುದನ್ನು ಕಂಡಿರುತ್ತಾರೆ. ಭೇದವಿಷ್ಟೆ, ಅದು ಯಾವ ವಿಭಾಗದಲ್ಲಿ ಎಷ್ಟು ತೆರವು ಬೇಕೆಂದು ಬಾಯಿ ಬಿಟ್ಟು ಹೇಳುತ್ತದೆ.

ಆದುದರಿಂದ ಖರೀದಿಯ ಪದ್ಧತಿಯೇ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಶಾಲೆಗೋ ಪಟ್ಟಣ ಪಂಚಾಯಿತಿಗೋ ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ಡಿಸ್ಕಿನ ಒಟ್ಟು ಗಾತ್ರವನ್ನು ಬರೆದು ಸುಮ್ಮನಾಗುವುದಕ್ಕೆ ಬದಲಾಗಿ, ಸಿಸ್ಟಮ್, ಕನ್ನಡ ತಂತ್ರಾಂಶ, ಆಫೀಸು, ಆಂಟಿವೈರಸ್ ಎಲ್ಲವನ್ನೂ ಸ್ಥಾಪಿಸಿದ ಅನಂತರ ಸಿ ಡ್ರೈವಿನಲ್ಲಿ ಇಷ್ಟು ಜಿಬಿ ಖಾಲಿ ಉಳಿದಿರತಕ್ಕದ್ದೆಂಬ ಷರತ್ತನ್ನೂ ಸೇರಿಸಲಿ; ಬಿಲ್ಲನ್ನು ಪಾಸು ಮಾಡುವವರು ಯಂತ್ರವನ್ನು ತೆರೆದು ಆ ಅಂಕಿಯನ್ನು ನೋಡಿಯೇ ಸಹಿ ಹಾಕಲಿ. ಬಳ್ಳಾರಿಯಲ್ಲಿ ಯಂತ್ರ ಜೋಡಿಸುವವರು ಸಿ ಡ್ರೈವಿಗೆ ಧಾರಾಳವಾಗಿ ಜಾಗ ಬಿಡುವ ರೂಢಿಯನ್ನು ಹಾಕಿಕೊಳ್ಳಲಿ. ಅದರಿಂದ ಅವರಿಗೆ ಒಂದು ಕಾಸಿನ ಖರ್ಚೂ ಇಲ್ಲ. ವಿಂಡೋಸ್ 10ರಲ್ಲಿಯೇ ಉಳಿದು ವಿಸ್ತರಿತ ರಕ್ಷಣೆಗೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅವಧಿ ಕೊಟ್ಟಿರುವುದರಿಂದ, ಹಲವರು ಅಷ್ಟರೊಳಗೆ ಹೊಸ ಯಂತ್ರಕ್ಕಾಗಿ ಅಂಗಡಿಯ ಮೆಟ್ಟಿಲು ಹತ್ತುವವರೇ. ಅವರು ಬೆಲೆಯನ್ನು ಕೇಳುವ ಮುನ್ನ, ಎಲ್ಲವನ್ನೂ ಹಾಕಿದ ಮೇಲೆ ಸಿ ಡ್ರೈವಿನಲ್ಲಿ ಎಷ್ಟು ಉಳಿಯುತ್ತದೆಂದು ಕೇಳಲಿ; ಉತ್ತರವನ್ನು ಅಂಗಡಿಯವನು ಬಾಯಲ್ಲಿ ಹೇಳದೆ ಬಿಲ್ಲಿನ ಮೇಲೆ ಬರೆದುಕೊಡಲಿ.