ಭಾವಕ್ಕೊಂದು ವಿಭಕ್ತಿ

ಇಂಗ್ಲಿಷ್ ಬಲ್ಲವರೆಂದು ಹೆಸರಾದವರೂ ಮನಸ್ಸು ಕಲಕಿದಾಗ ಬರೆಯುವ ಕಾಗದಗಳಲ್ಲಿ ಎಡವುವುದನ್ನು ನಾವು ಕಂಡಿದ್ದೇವೆ. ಲೆಕ್ಕಪತ್ರದ ಇಂಗ್ಲಿಷ್ ಅವರಿಗೆ ಸಲೀಸು. ಕೋಪ, ನಾಚಿಕೆ, ಹೆಮ್ಮೆ, ಮರುಕಗಳ ಇಂಗ್ಲಿಷ್ ಹಾಗಲ್ಲ. ಅದು ಕಚೇರಿಯ ಭಾಷೆ, ಮನೆಯವರಿಗೇಕೆ ಎಂದು ಕೇಳುವ ವಾಚಕರು ಬೆಂಗಳೂರಿನ ಸುದ್ದಗುಂಟೆಪಾಳ್ಯದಂತಹ ಕಡೆಯನ್ನು ನೆನೆಯಬೇಕು. ಅಲ್ಲಿ ಕೆಳಗಡೆ ಕನ್ನಡದವರಿದ್ದರೆ ಮಹಡಿಯ ಮೇಲೆ ಓದಲೋ ದುಡಿಯಲೋ ಪರಪ್ರಾಂತದಿಂದ ಬಂದವರಿರುವರು. ಬೇರೆ ಸಮಾನ ಭಾಷೆಯಿಲ್ಲದಿದ್ದರೆ ಮುನಿಸೂ ಕ್ಷಮಾಪಣೆಯೂ ಇಂಗ್ಲಿಷಿನಲ್ಲಿಯೇ ನಡೆಯಬೇಕಾಗುವುದು.

ತೊಡಕಿಗೆ ಕಾರಣವುಂಟು. ಕನ್ನಡದಲ್ಲಿ ಭಾವವು ಮನುಷ್ಯನ ಬಳಿಗೆ ಬರುವುದು. ‘ನನಗೆ ಭಯವಾಯಿತು’ ಎಂದು ಚತುರ್ಥಿಯಲ್ಲಿ ಹೇಳುವೆವು. ಇಂಗ್ಲಿಷಿನವನು ತಾನೇ ಪ್ರಥಮಾ ವಿಭಕ್ತಿಯಲ್ಲಿ ನಿಂತು, ಭಯವನ್ನು ತನಗೆ ವಿಶೇಷಣವಾಗಿ ಮಾಡಿಕೊಳ್ಳುವನು. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ ವಿಭಕ್ತಿಗಳು ಪದದ ಕೊನೆಗೆ ಹತ್ತಿಕೊಂಡಿರುವುವು. ಹಳೆಯ ಇಂಗ್ಲಿಷಿನಲ್ಲಿಯೂ ಅಂತಹ ವಿಭಕ್ತಿಗಳಿದ್ದುವು. ಅವು ಕ್ರಮೇಣ ಸವೆದುಹೋಗಿ, ನಾಮಪದಗಳಲ್ಲಿ ಷಷ್ಠಿಯ ಗುರುತೊಂದೇ ಉಳಿಯಿತು. ಇತರ ವಿಭಕ್ತಿಗಳ ಹೊರೆಯ ಬಹುಭಾಗವನ್ನು ‘ಆಫ್’, ‘ವಿತ್’, ‘ಫಾರ್’, ‘ಅಬೌಟ್’ ಮೊದಲಾದ, ನಾಮಪದಕ್ಕೆ ಮೊದಲು ನಿಲ್ಲುವ ಕಿರುಪದಗಳು ಹೊತ್ತುವು.

ಆದುದರಿಂದ ‘ಮಗಳ ಮೇಲೆ ಕೋಪ’ ಎಂಬುದನ್ನು ‘ಆಂಗ್ರಿ ಆನ್’ ಎಂದು ಹೇಳಲಾಗದು. ವ್ಯಕ್ತಿಯಾದರೆ ‘ಆಂಗ್ರಿ ವಿತ್’, ಸಂಗತಿಯಾದರೆ ‘ಆಂಗ್ರಿ ಅಬೌಟ್’. ನಾವು ನಾಯಿಗೆ ಹೆದರುವೆವು, ಅವರು ‘ಅಫ್ರೇಡ್ ಆಫ್’ ಎನ್ನುವರು. ಹೆಮ್ಮೆಗೂ ಅದೇ ‘ಆಫ್’. ಸಂಗೀತದಲ್ಲಿ ಆಸಕ್ತಿಯೆಂಬಲ್ಲಿ ಮಾತ್ರ ನಮ್ಮ ಸಪ್ತಮಿಗೂ ಅವರ ‘ಇನ್’ಗೂ ಹೊಂದಿಕೆಯಿರುವುದು; ಅಷ್ಟರಿಂದ ಎಲ್ಲವೂ ಹೊಂದೀತೆಂದು ನಂಬಬಾರದು. ಕಿರುಪದ ಬದಲಾದರೆ ಭಾವವೇ ಬದಲಾಗುವುದೂ ಉಂಟು. ‘ಹ್ಯಾಪಿ ವಿತ್ ಯೂ’ ಎಂದರೆ ನಿನ್ನಿಂದ ನನಗೆ ತೃಪ್ತಿ. ‘ಹ್ಯಾಪಿ ಫಾರ್ ಯೂ’ ಎಂದರೆ ನಿನ್ನ ಭಾಗ್ಯಕ್ಕೆ ನನ್ನ ಸಂತೋಷ. ತಪ್ಪಿಗೆ ಕ್ಷಮೆ ಬೇಡುವವನು ‘ಐ ಆಮ್ ಸಾರಿ ಫಾರ್ ಯೂ’ ಎಂದನೋ, ಎದುರಿನವರಿಗೆ ‘ಅಯ್ಯೋ ಪಾಪ’ ಎಂದಂತಾಗುವುದು. ಜಗಳ ಬೆಳೆಯಲು ಇನ್ನೇನು ಬೇಕು?

ಇದಕ್ಕಿಂತ ಸೂಕ್ಷ್ಮವಾದುದು ಬಹುವಚನದ ಷಷ್ಠಿ. ರಾತ್ರಿಯ ಗದ್ದಲಕ್ಕಾಗಿ ಮೇಲಿನ ಮನೆಯವರಿಗೆ ತಾಯಿಯೊಬ್ಬಳು ಕಾಗದ ಬರೆಯುತ್ತಿರುವಳೆಂದು ಇಟ್ಟುಕೊಳ್ಳೋಣ. ಆಕೆಗೆ ಗಂಡುಮಕ್ಕಳು ಇಬ್ಬರು, ತಪ್ಪಿತಸ್ಥನು ಹಿರಿಯನೊಬ್ಬನೇ. ‘ಅಷೇಮ್ಡ್ ಆಫ್ ಮೈ ಸನ್ಸ್ ಕಾಂಡಕ್ಟ್’ ಎಂದು ಬರೆಯುವಾಗ ಅಪಾಸ್ಟ್ರಫಿಯೆಂಬ ಕೊಂಕು ಎಸ್ ಅಕ್ಷರಕ್ಕೆ ಮೊದಲು ಬಿದ್ದರೆ ಒಬ್ಬ ಮಗನ ನಡತೆ. ಎಸ್ ಆದ ಮೇಲೆ ಬಿದ್ದರೆ ಇಬ್ಬರದೂ. ಏನೂ ಮಾಡದ ಕಿರಿಯನ ತಲೆಯ ಮೇಲೆ ಹೆತ್ತ ತಾಯಿಯೇ ಅಪವಾದ ಹೊರಿಸಿದಂತಾಯಿತು. ಕನ್ನಡದಲ್ಲಿ ‘ಮಗನ’, ‘ಮಕ್ಕಳ’ ಎಂಬ ಭೇದ ಕಿವಿಗೇ ತಿಳಿಯುವುದು. ಅಲ್ಲಿ ಕಣ್ಣಿಗೆ ಮಾತ್ರ.

‘ಚಿಲ್ಡ್ರನ್’ ಎಂಬುದು ಎಸ್ ಇಲ್ಲದೆಯೇ ಬಹುವಚನವಾದುದರಿಂದ ಅಲ್ಲಿ ಕೊಂಕು ಎಸ್‌ಗೆ ಮೊದಲೇ ಬರತಕ್ಕದ್ದು. ‘ಪೇರೆಂಟ್ಸ್’ ಎಂದರೆ ತಂದೆತಾಯಿಗಳಿಬ್ಬರು. ಇಬ್ಬರ ತ್ಯಾಗವನ್ನೂ ನೆನೆಯುವ ಮಗನು ಎಸ್ ಆದ ಮೇಲೆಯೇ ಅದನ್ನು ಇಡಬೇಕು. ‘ತಂದೆಯವರ ಆರೋಗ್ಯ’ ಎಂಬ ನಮ್ಮ ಗೌರವದ ಬಹುವಚನವನ್ನಾದರೋ ಇಂಗ್ಲಿಷಿಗೆ ಒಯ್ಯಲಾಗದು. ಒಯ್ದರೆ ತಂದೆಯರು ಹಲವರಾಗುವರು! ಮಕ್ಕಳು ಹೀಗೆ ಬರೆದುಬಿಟ್ಟರೆ ಗದರಬೇಡಿರಿ, ಅವರ ಮರ್ಯಾದೆ ಕನ್ನಡದ್ದು.

ಮೇಲೆ ಹೇಳಿದ ತಾಯಿಗೆ ಕೊಂಕಿನ ಹಂಗಿಲ್ಲದ ದಾರಿಯೂ ಉಂಟು. ‘ದಿ ಕಾಂಡಕ್ಟ್ ಆಫ್ ಮೈ ಎಲ್ಡರ್ ಸನ್’ ಎಂದು ಬಿಡಿಸಿ ಬರೆಯಲಿ. ಮಹಡಿಯ ಮೆಟ್ಟಿಲಲ್ಲಿ ಎದುರಾದಾಗ ಬಾಯಲ್ಲಿ ಹೇಳುವುದಾದರೂ ಅದೇ ಸಾಲು ಸಾಕು.