ತೂಕ ಇಳಿಸೋದಕ್ಕೆ ಬಿಲ್ ಯಾಕಿಲ್ಲ?

ಡಾಕ್ಟರ ಚೀಟಿಯ ಕೊನೇ ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ. ‘ತೂಕ ಇಳಿಸಿ’ ಅನ್ನೋ ಸಾಲು. ಮಾತ್ರೆಗಾದರೆ ಎಷ್ಟು ಮಿಲಿಗ್ರಾಂ, ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮೊದಲೋ ಆಮೇಲೋ ಅಂತ ಎಲ್ಲ ಬರೆದಿರುತ್ತಾರೆ. ತೂಕಕ್ಕೆ ಮಾತ್ರ ಎಷ್ಟು ಇಳಿಸಬೇಕು, ಎಷ್ಟು ತಿಂಗಳಲ್ಲಿ, ಯಾರನ್ನ ಕೇಳಬೇಕು ಅನ್ನೋದು ಒಂದಕ್ಷರ ಇರಲ್ಲ.

ನಮ್ಮ ಟೀಮಿನ ಹುಡುಗನೊಬ್ಬನಿಗೆ, ಹುಡುಗ ಅಂದರೆ 38 ವರ್ಷ, ಏಟ್ರಿಯಲ್ ಫಿಬ್ರಿಲೇಷನ್ ಬಂತು. ಚಿಕ್ಕದಾಗಿ ಎಎಫ್ ಅಂತಾರೆ. ಹಾರ್ಟ್ ಅಟ್ಯಾಕ್ ಬೇರೆ, ಇದು ಬೇರೆ. ಅದು ಪೈಪಿನ ತೊಂದರೆ, ಇದು ವೈರಿಂಗ್ ತೊಂದರೆ. ಹೃದಯದ ಮೇಲಿನ ಕೋಣೆಗಳು ಲಯವಾಗಿ ಕುಗ್ಗೋದು ಬಿಟ್ಟು ಸುಮ್ಮನೆ ಅದುರುತ್ತಾ ಕೂರುತ್ತವೆ, ನಾಡಿ ಅಡ್ಡಾದಿಡ್ಡಿ ಓಡುತ್ತೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಅವನಿಗೆ ಅಬ್ಲೇಷನ್ ಮಾಡಿದರು. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ತೂರಿಸಿ, ತಪ್ಪು ಸಿಗ್ನಲ್ ಹುಟ್ಟೋ ಜಾಗದ ಸುತ್ತ ಸುಟ್ಟು ಬೇಲಿ ಹಾಕೋ ಕೆಲಸ. ಲಕ್ಷಗಟ್ಟಲೆ ಬಿಲ್ಲನ್ನ ಇನ್ಶೂರೆನ್ಸ್ ತುಟಿ ಪಿಟಕ್ಕನ್ನದೆ ಕಟ್ಟಿತು. ಅವನ ಎತ್ತರ 170 ಸೆಂಟಿಮೀಟರ್, ತೂಕ 92 ಕೆಜಿ. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ ಅದೇ ಎರಡು ಪದ. ವರ್ಷ ತುಂಬೋದರೊಳಗೆ ಬಡಿತ ಮತ್ತೆ ತಪ್ಪಿ, ಈಗ ಎರಡನೇ ಅಬ್ಲೇಷನ್ ಮಾತು ನಡೀತಿದೆ.

ತೂಕಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ದೇಹ ದೊಡ್ಡದಾದಷ್ಟೂ ಹೃದಯ ತಳ್ಳಬೇಕಾದ ರಕ್ತ ಹೆಚ್ಚು, ಮೇಲಿನ ಕೋಣೆಗಳು ಹಿಗ್ಗುತ್ತವೆ. ಹೃದಯದ ಮೇಲೇ ಕೂತ ಕೊಬ್ಬು ಅದರ ಗೋಡೆಗೆ ಉರಿಯೂತ ತರುತ್ತೆ. ಕತ್ತಿನ ಸುತ್ತ ಕೊಬ್ಬು ಬೆಳೆದು ಗೊರಕೆ ಹೊಡೆಯುವಾಗ ಉಸಿರು ನಿಂತು ನಿಂತು ಬಂದರೆ ಇಡೀ ರಾತ್ರಿ ಹೃದಯಕ್ಕೆ ಜಗ್ಗಾಟ. ಲಯ ಸರಿಮಾಡೋಕೆ ಎದೆಗೆ ಶಾಕ್ ಕೊಡ್ತಾರಲ್ಲ, ದಪ್ಪ ಎದೆಯಲ್ಲಿ ಅದೂ ಹೃದಯಕ್ಕೆ ಸರಿಯಾಗಿ ಮುಟ್ಟಲ್ಲ. ಇಷ್ಟೆಲ್ಲ ಹಾಗೇ ಬಿಟ್ಟು ಒಳಗೆ ನಾಲ್ಕು ಕಡೆ ಸುಟ್ಟರೆ, ಮೆಮೊರಿ ಲೀಕ್ ಹಾಗೇ ಬಿಟ್ಟು ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ನಾಳೆ ಮತ್ತೆ ಟಿಕೆಟ್ ಬರುತ್ತೆ.

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಲೆಗಸಿ ಅಂತ ಒಂದು ಅಧ್ಯಯನ ಆಯ್ತು, 2015ರಲ್ಲಿ ಪ್ರಕಟವಾಯ್ತು. ಬಿಎಂಐ 27 ಮತ್ತು ಅದಕ್ಕಿಂತ ಹೆಚ್ಚಿದ್ದ 355 ಎಎಫ್ ರೋಗಿಗಳನ್ನ ಐದು ವರ್ಷದವರೆಗೆ ಗಮನಿಸಿದರು. ತೂಕದಲ್ಲಿ 10% ಅಥವಾ ಹೆಚ್ಚು ಇಳಿಸಿ ಉಳಿಸಿಕೊಂಡವರಲ್ಲಿ 45% ಜನಕ್ಕೆ ಲಯದ ಮಾತ್ರೆಯೂ ಇಲ್ಲದೆ, ಅಬ್ಲೇಷನ್ನೂ ಇಲ್ಲದೆ ಬಡಿತ ನೆಟ್ಟಗಿತ್ತು. 3%ಗಿಂತ ಕಡಿಮೆ ಇಳಿಸಿದವರಲ್ಲಿ, ಅಥವಾ ಏರಿಸಿಕೊಂಡವರಲ್ಲಿ, ಅದು 13% ಮಾತ್ರ. ಇಳಿಸಿ ಏರಿಸಿ ಆಟ ಆಡಿದವರಿಗೆ ಲಾಭದಲ್ಲಿ ಒಂದು ಪಾಲು ಕರಗಿಹೋಯ್ತು. ತಂಗಿ ಮದುವೆಗೆ ಅಂತ ಹತ್ತು ಕೆಜಿ ಇಳಿಸಿ, ದೀಪಾವಳಿಗೆ ಎಂಟು ವಾಪಸ್ ತರೋ ನಮ್ಮಂಥವರು ಇದನ್ನ ಎರಡು ಸಲ ಓದಬೇಕು.

ಇದು ಗಮನಿಸಿ ಬರೆದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ ಅನ್ನೋ ಆಕ್ಷೇಪ ನ್ಯಾಯವಾದದ್ದೇ. ಜರ್ಮನಿಯ ಸಾರ್ಟ್-ಎಎಫ್ ಚೀಟಿ ಎತ್ತಿ ಮಾಡಿದ್ದು, ಅಲ್ಲಿ ಅಬ್ಲೇಷನ್ ಆದವರಿಗೆ ತೂಕ ಇಳಿಸೋ ಕಾರ್ಯಕ್ರಮದಿಂದ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿನವರು ಇಳಿಸಿದ್ದೇ ಕಡಿಮೆ, ಬಿಎಂಐ ಒಂದೂವರೆಯಷ್ಟು. ಅರ್ಧ ಮಾತ್ರೆ ನುಂಗಿ ಔಷಧಿ ಕೆಲಸ ಮಾಡಲ್ಲ ಅಂದಂಗಾಯ್ತು. ಅಮೆರಿಕದ ಹೃದ್ರೋಗ ಸಂಸ್ಥೆಗಳು 2023ರ ಮಾರ್ಗಸೂಚಿಯಲ್ಲಿ, ಬಿಎಂಐ 27 ದಾಟಿದ ಎಎಫ್ ರೋಗಿಗೆ ಕನಿಷ್ಠ 10% ಗುರಿ ಇಡಿ ಅಂತ ತಮ್ಮ ಅತಿ ಗಟ್ಟಿ ದರ್ಜೆಯ ಶಿಫಾರಸನ್ನೇ ಕೊಟ್ಟಿವೆ. ನಮ್ಮ ಟೀಮಿನವನಿಗೆ ಅದು 9 ಕೆಜಿ ಚಿಲ್ಲರೆ. ಆ 9 ಅನ್ನೋ ಅಂಕಿ ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನೂರು ಬದನಗುಪ್ಪೆ, ಚಾಮರಾಜನಗರದ ಹತ್ತಿರ. ಊರಿಗೆ ಹೋದಾಗ ಹೊಟ್ಟೆ ಮುಂದೆ ಬಂದಿದ್ದರೆ ‘ಚೆನ್ನಾಗಿದ್ದೀಯ ಕನಪ್ಪ’ ಅಂತಾರೆ, ಸಣ್ಣಗಾಗಿದ್ದರೆ ‘ಯಾಕ್ಲಾ ಮಗ, ಬೆಂಗ್ಳೂರಲ್ಲಿ ಅನ್ನ ಸಿಕ್ಕಲ್ವಾ’ ಅಂತಾರೆ. ಅವರ ಲೆಕ್ಕ ತಪ್ಪಲ್ಲ. ಅವರು ಕಂಡ ಹೃದಯದ ಕಾಯಿಲೆ ಬಡವರದ್ದು, ಸಣಕಲು ಮೈಯವರದ್ದು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಜ್ವರ, ಆಮೇಲೆ ಕವಾಟ ಕೆಟ್ಟು ಬಡಿತ ತಪ್ಪೋದು. ಭಾರತದ ಎಎಫ್ ರೋಗಿಗಳ ದೊಡ್ಡ ದಾಖಲಾತಿಯೊಂದರಲ್ಲಿ ಸುಮಾರು ಅರ್ಧದಷ್ಟು ಜನ ಇಂಥ ರುಮ್ಯಾಟಿಕ್ ಕವಾಟದವರೇ. ಅವರಿಗೆ ತೂಕ ಇಳಿಸಿ ಅಂದರೆ ಅಪಹಾಸ್ಯ. ಅವರಿಗೆ ಬೇಕಾದ್ದು ಕವಾಟದ ಚಿಕಿತ್ಸೆ, ರಕ್ತ ತೆಳು ಮಾಡೋ ಮಾತ್ರೆ, ಮೈಸೂರಿನ ಜಯದೇವಕ್ಕೆ ಹೋಗೋ ಬಸ್ ಚಾರ್ಜು. ಅದೇ ಊರಿಂದ ಒಂದು ತಲೆಮಾರಿನಲ್ಲಿ ಗದ್ದೆ ಬಿಟ್ಟು ಕುರ್ಚಿ ಹಿಡಿದ ನಮ್ಮದು ಇನ್ನೊಂದು ಎಎಫ್. ಹೆಸರು ಒಂದೇ, ರೂಟ್ ಕಾಸ್ ಬೇರೆ.

ನಮ್ಮ ಮೈಯೂ ಮೋಸದ್ದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಲ್ಯಾನ್ಸೆಟ್‌ನಲ್ಲಿ ತಮ್ಮಿಬ್ಬರ ಫೋಟೋ ಅಕ್ಕಪಕ್ಕ ಹಾಕಿಕೊಂಡರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ಹೊರಗೆ ಶರ್ಟು ಸರಿಯಾಗಿ ಕೂತಿದೆ ಅಂತ ನಾವು ನಂಬೋ ಹಾಗಿಲ್ಲ.

ಈಗ ಮನೋಬಲದ ಪ್ರವಚನಕಾರರು. ‘ಬೆಳಿಗ್ಗೆ ಐದಕ್ಕೆ ಏಳಿ, ಸಕ್ಕರೆ ಬಿಡಿ, ಮನಸ್ಸಿದ್ದರೆ ಮಾರ್ಗ’ ಅಂತ ಲಿಂಕ್ಡ್‌ಇನ್ನಲ್ಲಿ ಬರೆಯೋರು. ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಇಟ್ಟು, ಹನ್ನೆರಡಕ್ಕೆ ಬಿರಿಯಾನಿ ತರಿಸಿಕೊಳ್ಳೋ ಹಾಗೆ ಮಾಡಿ, ಬೆಳಿಗ್ಗೆ ಸ್ಟ್ಯಾಂಡ್‌ಅಪ್‌ಗೆ ಕರೆಯೋರೂ ಅವರೇ. ಅಡಿಲೇಡಿನಲ್ಲಿ ಹೆಚ್ಚು ಇಳಿಸಿದವರಲ್ಲಿ ಬಹುಪಾಲು ಜನ ಮೀಸಲು ತೂಕದ ಕ್ಲಿನಿಕ್ಕಿಗೆ ಬಂದು ಹೋಗುತ್ತಿದ್ದವರು. ಅವರು ನಮಗಿಂತ ಗಟ್ಟಿ ಮನಸ್ಸಿನವರು ಅಂತೇನಲ್ಲ. ಕರೆದು ಕೂರಿಸಿ, ತೂಗಿ, ಮುಂದಿನ ದಿನಾಂಕ ಕೊಡೋ ಡಾಕ್ಟರು ಅವರಿಗಿದ್ದರು.

ಆ ಡಾಕ್ಟರಿಗೆ ನಮ್ಮಲ್ಲಿ ದುಡ್ಡು ಕೊಡೋರು ಯಾರು? ನಿಮ್ಮ ಹೆಲ್ತ್ ಪಾಲಿಸಿ ತೆಗೆದು ಎಕ್ಸ್‌ಕ್ಲೂಷನ್ ಕೋಡ್ 06 ಓದಿ, ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಕೊಟ್ಟಿರೋ ಒಂದೇ ಪಠ್ಯ. ಬೊಜ್ಜಿನ ಆಪರೇಷನ್ನಿಗೆ ದುಡ್ಡು ಸಿಗಬೇಕಾದರೆ ಬಿಎಂಐ 40 ಇರಬೇಕು. ನನ್ನ ಗೆಳೆಯನ ಎತ್ತರಕ್ಕೆ ಅದು 116 ಕೆಜಿ. ಇಲ್ಲವೇ 35 ಇದ್ದು ಜೊತೆಗೊಂದು ಗಂಭೀರ ಕಾಯಿಲೆ ಇರಬೇಕು. ಆ ಕಾಯಿಲೆಗಳ ಪಟ್ಟಿಯಲ್ಲಿ ಹೃದಯದ ಸ್ನಾಯು ರೋಗ ಇದೆ, ರಕ್ತನಾಳದ ರೋಗ ಇದೆ, ತೀವ್ರ ಸ್ಲೀಪ್ ಆಪ್ನಿಯಾ ಇದೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದೆ. ಲಯ ತಪ್ಪೋ ಕಾಯಿಲೆ ಇಲ್ಲ! ಆಪರೇಷನ್ ಬೇಡ, ಡಯಟಿಷಿಯನ್ ಸಾಕು ಅಂದರೆ ಅದು ಆಸ್ಪತ್ರೆಗೆ ಸೇರದ ಖರ್ಚು, ಸಾಮಾನ್ಯವಾಗಿ ನಮ್ಮ ಜೇಬಿಂದಲೇ. 2025ರಲ್ಲಿ ಬಂದ ಮೌಂಜಾರೊ, ವೆಗೋವಿ ಇಂಜೆಕ್ಷನ್ನಿನ ಕಥೆಯೂ ಹೆಚ್ಚೂಕಮ್ಮಿ ಇದೇ. ಅಂದರೆ ಎರಡನೇ ಸಲ ಸುಡೋಕೆ ಲಕ್ಷಗಟ್ಟಲೆ ಇದೆ, ಎರಡನೇ ಸಲ ಬಾರದ ಹಾಗೆ ಮಾಡೋಕೆ ತಿಂಗಳಿಗೆ ನಾಲ್ಕು ಸಾವಿರ ಇಲ್ಲ. ಇದನ್ನ ಡಿಸೈನ್ ಮಾಡಿದವನು ನಮ್ಮ ಕೋಡ್ ರಿವ್ಯೂಗೆ ಬಂದಿದ್ದರೆ ಒಂದೇ ನಿಮಿಷದಲ್ಲಿ ವಾಪಸ್ ಕಳಿಸ್ತಿದ್ವಿ.

ಸಾವಿಗೊಂದು ಸಲ ಹೆದರೋದು ಮಾತ್ರ ನಮಗೆ ಚೆನ್ನಾಗಿ ಬರುತ್ತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಜಯದೇವದ ಮುಂದೆ ಸಾಲು, 2025ರ ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮತ್ತೆ ಸಾಲು. ಬಂದು ಹೋಗೋ ಎಎಫ್ ಅವತ್ತಿನ ಹತ್ತು ಸೆಕೆಂಡಿನ ಇಸಿಜಿಯಲ್ಲಿ ಸಿಗದೇ ಹೋಗಬಹುದು. ನಾರ್ಮಲ್ ಅಂತ ಹಾಳೆ ಹಿಡಿದು ಹೊರಗೆ ಬಂದು ಎದುರುಗಡೆ ಪಫ್ಸ್ ತಿಂತೀವಿ.

ಗ್ರೂಪ್ ಇನ್ಶೂರೆನ್ಸ್ ನವೀಕರಣ ಅಂದರೆ ಕಂಪನಿ ಮತ್ತು ವಿಮೆಯವರ ನಡುವಿನ ಚೌಕಾಸಿ. ಹೆರಿಗೆ, ಕಣ್ಣಿನ ಲೇಸರ್, ಅಪ್ಪ-ಅಮ್ಮನ ಕವರ್ ಎಲ್ಲ ಹೀಗೆ ಕೇಳಿ ಕೇಳಿಯೇ ಸೇರಿದ್ದು. ಲಯದ ಕಾಯಿಲೆ ಇರೋರಿಗೆ ಒಂದು ವರ್ಷದ ತೂಕದ ಕ್ಲಿನಿಕ್, ನಿದ್ದೆ ಪರೀಕ್ಷೆ, ಡಯಟಿಷಿಯನ್ ಸೇರಿಸಿ ಅಂತ ಈ ಸಲ ನಾವು ಹದಿನಾಲ್ಕು ಜನ ಸಹಿ ಹಾಕಿ ಎಚ್‌ಆರ್‌ಗೆ ಮೇಲ್ ಕಳಿಸಿದ್ವಿ. ಉತ್ತರ ಬಂತು: ಮುಂದಿನ ತಿಂಗಳು ವೆಲ್‌ನೆಸ್ ವೀಕ್, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿದವರಿಗೆ ಟಿ-ಶರ್ಟ್, ದಯವಿಟ್ಟು ಸೈಜ್ ತಿಳಿಸಿ.