ರೇಸಿನ ದಿನ ನಾವಡರು ಮನೆಯಲ್ಲೇ ಇರಲಿ

ನ್ಯೂಯಾರ್ಕ್ ಮ್ಯಾರಥಾನ್ ಶುರುವಾಗುವುದು ಸ್ಟೇಟನ್ ಐಲೆಂಡಿನಲ್ಲಿ, ವೆರಜಾನೊ ಸೇತುವೆಯ ಬುಡದಲ್ಲಿ. ತೋಪು ಹಾರುತ್ತದೆ, ಧ್ವನಿವರ್ಧಕದಲ್ಲಿ ಫ್ರಾಂಕ್ ಸಿನಾತ್ರಾ ಈ ಊರಿನ ಮೇಲೆಯೇ ಹಾಡಿದ ಹಾಡು ಮೊಳಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ತಮ್ಮದೇ ಹಾಡು ಹಾಕಿಕೊಳ್ಳುವವರನ್ನು ಪ್ರತಿ ಸಲವೂ ನೋಡುತ್ತೇನೆ. ಮದುವೆ ಊಟಕ್ಕೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದವರ ಹಾಗೆ ಕಾಣುತ್ತಾರೆ.

ಹಾಗಂತ ನಾನು ಹಾಡಿನ ವೈರಿಯಲ್ಲ. ನಾನಿರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ವಾರಾಂತ್ಯದ ಉದ್ದ ಓಟಕ್ಕೆ ಡೆಲವೇರ್-ರಾರಿಟನ್ ಕಾಲುವೆಯ ದಂಡೆಗೆ ಹೋಗುತ್ತೇನೆ. ಹಿಂದೆ ದೋಣಿ ಎಳೆಯುವ ಹೇಸರಗತ್ತೆಗಳು ನಡೆಯುತ್ತಿದ್ದ ಮಣ್ಣಿನ ದಾರಿ ಅದು. ಒಂದು ಕಡೆ ನೀರು, ಇನ್ನೊಂದು ಕಡೆ ಮರ, ಎದುರಿಗೆ ಮೈಲಿಗಟ್ಟಲೆ ಏನೂ ಬದಲಾಗುವುದಿಲ್ಲ. ಅಲ್ಲಿ ನನ್ನ ಜೊತೆಗಾರರು ಗುಂಡ್ಮಿ ಕಾಳಿಂಗ ನಾವಡರು. 1990ರಲ್ಲಿ ರಸ್ತೆ ಅಪಘಾತದಲ್ಲಿ, ಮೂವತ್ತರ ಆಸುಪಾಸಿನಲ್ಲೇ ಹೋಗಿಬಿಟ್ಟ ಆ ಯಕ್ಷಗಾನ ಭಾಗವತರ ದನಿ ಹಳೆಯ ಕ್ಯಾಸೆಟ್ಟುಗಳಿಂದ ಇಳಿದು ಈಗ ನನ್ನ ಫೋನಿನಲ್ಲಿದೆ. ಕುಂದಾಪುರದ ಕಡೆ ಹುಟ್ಟಿ ಬಯಲಾಟ ನೋಡುತ್ತ ಬೆಳೆದವನಿಗೆ ಏರು ಪದ್ಯಕ್ಕೆ ಚಂಡೆ ಸೇರಿತೆಂದರೆ ಕಾಲು ತಾನಾಗಿ ಎದ್ದುಕೊಳ್ಳುತ್ತದೆ. ಜನವರಿಯ ಚಳಿಯಲ್ಲಿ ಆ ದಂಡೆಯ ಮೇಲೆ ಒಬ್ಬನೇ ಮೂರು ಗಂಟೆ ಓಡಬೇಕಾದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇದಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ತಾಸ್ ಕರಗಿಯೋರ್ಗಿಸ್ ಎಂಬ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಹದವಾದ ವೇಗದಲ್ಲಿ ಓಡುವಾಗ ಸಂಗೀತವಿದ್ದರೆ ಆಯಾಸ ಕಡಿಮೆ ಅನ್ನಿಸುತ್ತದೆ. ದೇಹವನ್ನು ಅದರ ಮಿತಿಯ ತನಕ ದೂಡಿದಾಗ ಮಾತ್ರ ಆ ಮಾಯೆ ಕರಗುತ್ತದೆ, ಆಗ ಮೆದುಳು ಶ್ವಾಸಕೋಶದ ದೂರನ್ನೇ ಕೇಳುತ್ತದೆ. ಅಂದರೆ ಅಭ್ಯಾಸದ ದಿನ ಕೈಹಿಡಿಯುವ ಹಾಡು, ನಿಜವಾಗಿ ಬೇಕಾದ ಕೊನೆಯ ಮೈಲಿಗಳಲ್ಲಿ ಅಷ್ಟಾಗಿ ಒದಗುವುದಿಲ್ಲ.

ನಿಯಮಗಳ ಕಥೆ ಸ್ವಲ್ಪ ತಮಾಷೆಯದು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2006ರ ಕೊನೆಗೆ ರೇಸುಗಳಲ್ಲಿ ಇಯರ್‌ಫೋನಿನಂಥ ಸಾಧನಗಳನ್ನೆಲ್ಲ ನಿಷೇಧಿಸಿತು. ಸಾವಿರಾರು ಓಟಗಾರರ ಕಿವಿ ತಪಾಸಣೆ ಮಾಡುವವರು ಯಾರು? ಎರಡು ವರ್ಷಕ್ಕೆ ನಿಯಮ ಸಡಿಲಾಯಿತು. ಬಹುಮಾನಕ್ಕೆ ಓಡುವವರಿಗೆ ನಿಷೇಧ ಉಳಿಯಿತು, ಉಳಿದವರ ವಿಷಯ ಆಯೋಜಕರ ವಿವೇಚನೆಗೆ ಹೋಯಿತು. ನ್ಯೂಯಾರ್ಕ್ ಮ್ಯಾರಥಾನ್ ನಡೆಸುವ ನ್ಯೂಯಾರ್ಕ್ ರೋಡ್ ರನ್ನರ್ಸ್ ಕೂಡ ಇಯರ್‌ಫೋನ್ ಬೇಡ ಎಂದು ಒತ್ತಿ ಹೇಳುತ್ತದೆ, ತಡೆಯುವುದಿಲ್ಲ. ಇನ್ನೊಂದು ಕಡೆ, ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಅವರ ಮೆಚ್ಚಿನ ‘ಸ್ಕ್ಯಾಟ್‌ಮನ್’ ಹಾಡು ಮೈಕಿನಲ್ಲಿ ಮೊಳಗುತ್ತಿತ್ತು. ಹಾಡು ಕಿವಿಯೊಳಗಿದ್ದರೆ ಅಪರಾಧ, ಚಾವಣಿಗೆ ನೇತುಹಾಕಿದ್ದರೆ ಮನರಂಜನೆ! ಆದ್ದರಿಂದ ನಿಯಮದ ಪುಸ್ತಕ ಹಿಡಿದು ನಾನು ವಾದಿಸುವುದಿಲ್ಲ.

ನನ್ನ ವಾದ ರಸ್ತೆಯದು. 1970ರಲ್ಲಿ ಈ ಮ್ಯಾರಥಾನ್ ಶುರುವಾದಾಗ ಓಟವೆಲ್ಲ ಸೆಂಟ್ರಲ್ ಪಾರ್ಕಿನೊಳಗೇ ಸುತ್ತುತ್ತಿತ್ತು; ಹೊರಟವರು 127 ಮಂದಿ, ಮುಟ್ಟಿದವರು 55. ಆಯೋಜಕ ಫ್ರೆಡ್ ಲೆಬೋ ಮತ್ತು ಸಂಗಡಿಗರು ಅದನ್ನು ನಗರದ ಐದೂ ಬರೋಗಳ, ಅಂದರೆ ಐದೂ ಭಾಗಗಳ ಬೀದಿಗೆ ಇಳಿಸಿದ್ದು 1976ರಲ್ಲಿ. ಪಾರ್ಕಿನಲ್ಲೇ ಸುತ್ತು ಹೊಡೆಯುತ್ತಿದ್ದರೆ ಯಾರು ಯಾವ ಹಾಡು ಕೇಳಿದರೂ ನಷ್ಟವಿರಲಿಲ್ಲ. ಬೀದಿಗೆ ಬಂದ ಮೇಲೆ ಓಟಕ್ಕೆ ಅದರದ್ದೇ ಸದ್ದು ಹುಟ್ಟಿಕೊಂಡಿತು.

ಬ್ರೂಕ್ಲಿನ್ನಿನ ಫೋರ್ತ್ ಅವೆನ್ಯೂ ಉದ್ದಕ್ಕೂ ಪಾತ್ರೆ, ಗಂಟೆ, ತಮಟೆ, ಏನು ಸಿಕ್ಕಿದರೆ ಅದನ್ನು ಬಡಿಯುತ್ತ ನಿಲ್ಲುತ್ತಾರೆ ಜನ. ಅರಬ್ಬಿ, ಸ್ಪ್ಯಾನಿಷ್, ಚೀನೀ ಮಾತುಗಳಲ್ಲಿ ಕೂಗು. ಎಂಟನೆಯ ಮೈಲಿಯ ಸುಮಾರಿಗೆ, ಲಫಾಯೆಟ್ ಅವೆನ್ಯೂದಲ್ಲಿ ಬಿಷಪ್ ಲಾಫ್ಲಿನ್ ಹೈಸ್ಕೂಲಿನ ಮಕ್ಕಳ ಬ್ಯಾಂಡ್ ‘ರಾಕಿ’ ಸಿನಿಮಾದ ಒಂದೇ ಟ್ಯೂನನ್ನು ನುಡಿಸುತ್ತದೆ, ಮುಗಿಸಿ ಮತ್ತೆ ಅದನ್ನೇ ನುಡಿಸುತ್ತದೆ. ಆ ಮಕ್ಕಳ ತಾಳ್ಮೆಗೆ ಪದಕ ಕೊಡಬೇಕು. ಸ್ವಲ್ಪ ಮುಂದೆ ವಿಲಿಯಮ್ಸ್‌ಬರ್ಗಿನ ಬೆಡ್‌ಫರ್ಡ್ ಅವೆನ್ಯೂ. ಹಸೀದಿ ಯಹೂದ್ಯರ ಕೇರಿ. ರೇಸು ನಡೆಯುವ ಭಾನುವಾರ ಅಲ್ಲಿ ಮಾಮೂಲಿ ಕೆಲಸದ ದಿನ. ಕಪ್ಪು ಕೋಟಿನವರು ಓಟಗಾರರ ನಡುವೆ ಸಂದಿ ನೋಡಿ ರಸ್ತೆ ದಾಟುತ್ತಾರೆ, ಚಪ್ಪಾಳೆ ಇಲ್ಲವೇ ಇಲ್ಲ ಅನ್ನುವಷ್ಟು. ಹದಿನೈದನೆಯ ಮೈಲಿ ದಾಟುವಾಗ ಕ್ವೀನ್ಸ್‌ಬರೊ ಸೇತುವೆಯ ಕೆಳ ಅಂತಸ್ತು ಬರುತ್ತದೆ. ನೋಡುವವರಿಗೆ ಅಲ್ಲಿ ಪ್ರವೇಶವಿಲ್ಲ. ಏರು ದಾರಿ, ಕಬ್ಬಿಣದ ನೆರಳು, ಸಾವಿರಾರು ಬೂಟುಗಳ ಸದ್ದು, ಯಾರದೋ ಏದುಸಿರು, ಯಾರೋ ದೇವರನ್ನು ಕರೆದದ್ದು. ಅಲ್ಲಿಂದ ಮ್ಯಾನ್‌ಹಟನ್ನಿಗೆ ಇಳಿಯುವಾಗ ಮೊದಲು ಕಿವಿಗೆ ಸಿಗುವುದು ಫಸ್ಟ್ ಅವೆನ್ಯೂ. ತಿರುವಿನಾಚೆ ಜನ ಇನ್ನೂ ಕಂಡಿರುವುದಿಲ್ಲ, ಅವರ ಗದ್ದಲ ಮಾತ್ರ ಎದುರು ಬಂದಿರುತ್ತದೆ. ಸೇತುವೆಯ ಮೇಲೆ ಕಿವಿ ಖಾಲಿ ಇಟ್ಟುಕೊಂಡವನಿಗೆ ಮಾತ್ರ ಆ ಗದ್ದಲ ಪೂರ್ತಿ ದಕ್ಕುತ್ತದೆ. ಏರು ಪದ್ಯ ಹಾಕಿಕೊಂಡು ಬಂದವನಿಗೆ ಅದು ಹಿಮ್ಮೇಳದ ಗಲಾಟೆ, ಅಷ್ಟೆ.

ಇನ್ನೊಂದು ಕಾರಣ ನೀರಿನ ಮೇಜಿನ ಹಿಂದೆ ನಿಂತಾಗ ಗಟ್ಟಿಯಾದದ್ದು. ನ್ಯೂಯಾರ್ಕ್ ರೋಡ್ ರನ್ನರ್ಸ್ ಸದಸ್ಯರು ಸಂಸ್ಥೆಯ ಒಂಬತ್ತು ರೇಸು ಓಡಿ, ಒಂದರಲ್ಲಿ ಸ್ವಯಂಸೇವಕರಾಗಿ ದುಡಿದರೆ ಮುಂದಿನ ವರ್ಷದ ಮ್ಯಾರಥಾನಿಗೆ ಜಾಗ ಖಾತ್ರಿ. ನಾನೂ ಹಾಗೆ ಲೋಟ ಹಿಡಿದು ನಿಂತವನು. ‘ಇದು ನೀರು, ಅದು ಗೇಟೊರೇಡ್’ ಎಂದು ಗಂಟಲು ಹರಿದುಕೊಂಡರೂ ಅರ್ಧ ಜನಕ್ಕೆ ಕೇಳಿಸಲಿಲ್ಲ. ಆ ಸಿಹಿ ಪಾನೀಯವನ್ನು ತಲೆಗೆ ಸುರಿದುಕೊಂಡ ಮೇಲೆ ಅಂಟಂಟು ಎಂದು ಬೈದುಕೊಂಡು ಹೋದರು. ಅದು ನಗುವ ವಿಷಯ. ಕಣ್ಣು ಕಾಣದ ಓಟಗಾರರದ್ದು ಹಾಗಲ್ಲ. ಡಿಕ್ ಟ್ರಾಮ್ ಕೃತಕ ಕಾಲಿನಲ್ಲಿ 1976ರ ನ್ಯೂಯಾರ್ಕ್ ಮ್ಯಾರಥಾನ್ ಓಡಿದವರು. ಅಂಗವಿಕಲ ಓಟಗಾರರಿಗಾಗಿ ಅವರು 1983ರಲ್ಲಿ ಕಟ್ಟಿದ ಅಕಿಲೀಸ್ ಸಂಸ್ಥೆಯ ಮಾರ್ಗದರ್ಶಕರು ಅಂಧ ಓಟಗಾರರ ಜೊತೆ ಹಗ್ಗದ ತುಂಡು ಹಿಡಿದು ಓಡುತ್ತಾರೆ. ‘ಎಡಕ್ಕೆ ಬರುತ್ತಿದ್ದೇವೆ, ದಾರಿ ಬಿಡಿ’ ಎಂದು ಕೂಗುವುದೇ ಅವರ ಕೆಲಸ. ಮುಂದಿರುವವನ ಕಿವಿ ಮುಚ್ಚಿದ್ದರೆ ಆ ಕೂಗು ಯಾರಿಗೆ? ಕಿವಿಯನ್ನು ತೆರೆದೇ ಬಿಡುವ, ಮೂಳೆಯ ಮೂಲಕ ಸದ್ದು ಮುಟ್ಟಿಸುವ ಸಾಧನಗಳು ಬಂದಿವೆ ನಿಜ. ಬ್ರಿಟನ್ನಿನಲ್ಲಿ ವಾಹನ ಓಡಾಡುವ ರಸ್ತೆಯ ರೇಸುಗಳಿಗೆ ಅವಕ್ಕೆ ಮಾತ್ರ ಅನುಮತಿ. ಅದು ಅಪಾಯ ತಪ್ಪಿಸುವ ಉಪಾಯ, ಒಪ್ಪೋಣ.

ಇಷ್ಟೆಲ್ಲ ಹೇಳಿದಾಗ ನನ್ನ ಬಾಯಿ ಕಟ್ಟಿಸುವವನು ಒಬ್ಬನಿದ್ದಾನೆ. ಹಾಸನದ ಗೆಳೆಯ, ರಾಜನ್-ನಾಗೇಂದ್ರರ ಹಾಡಿಲ್ಲದೆ ಒಂದು ಮೈಲಿಯೂ ಓಡುವವನಲ್ಲ. ಆರು ಗಂಟೆ ತೆಗೆದುಕೊಳ್ಳುತ್ತಾನೆ. ‘ನಿಮಗೇನ್ರೀ, ಜನ ಇರೋ ಹೊತ್ತಿಗೆ ಹೋಗ್ಬಿಡ್ತೀರ. ನಾನು ಬರೋ ಹೊತ್ತಿಗೆ ಬ್ಯಾಂಡಿನೋರು ಡ್ರಮ್ಮು ವ್ಯಾನಿಗೆ ತುಂಬ್ತಿರ್ತಾರೆ. ಕಸ ಗುಡಿಸೋ ಗಾಡಿ ಸದ್ದು ಕೇಳ್ಕೊಂಡು ಓಡ್ಲಾ?’ ಎನ್ನುತ್ತಾನೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಡೆಯ ತಂಡಗಳು ಹೊರಡುವುದೇ ಹನ್ನೊಂದರ ಮೇಲೆ. ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದೂ ರೇಸು ನಡೆಯುವ ನವೆಂಬರಿನ ಅದೇ ಮೊದಲ ಭಾನುವಾರ. ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಅಂಥವನ ಕಿವಿಯಿಂದ ಹಾಡು ಕಸಿಯುವ ಹಕ್ಕು ನಾಲ್ಕೂವರೆ ಗಂಟೆಯವನಾದ ನನಗಿಲ್ಲ. ಕ್ವೀನ್ಸಿನಲ್ಲಿ ಶ್ರೀ ಚಿನ್ಮಯ್ ಅವರ ಶಿಷ್ಯರು 1997ರಿಂದ ನಡೆಸುವ 3100 ಮೈಲಿಗಳ ಓಟವೊಂದಿದೆ: ಒಂದು ಹೈಸ್ಕೂಲಿನ ಸುತ್ತಲಿನ ಕಾಲುದಾರಿಯಲ್ಲಿ 5649 ಸುತ್ತು, 52 ದಿನದ ಗಡುವು. ಅಲ್ಲಿ ಇಯರ್‌ಫೋನ್ ಹಾಕಿಕೊಂಡವರ ಮುಂದೆ ನಿಂತು ಉಪದೇಶ ಮಾಡಲು ಎಂಟೆದೆ ಬೇಕು.

ಹಾಗಾಗಿ ನಿಷೇಧ ಬೇಡ. ಹಿಂದೆ ಬರುವವರಿಗೂ ಸದ್ದು ಉಳಿಯುವಂತೆ ಮಾಡೋಣ. ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ನಾವು ಕನ್ನಡ ಕೂಟದವರು ಶಾಲೆಯ ಸಭಾಂಗಣ ಹಿಡಿದು, ಪಾರ್ಕಿಂಗ್ ಲಾಟಿನಲ್ಲಿ ಬಾವುಟ ಹಾರಿಸಿ, ಒಳಗೆ ನಮ್ಮವರಿಗೆ ನಾವೇ ಡೊಳ್ಳು ಬಡಿಯುತ್ತೇವೆ. ಮ್ಯಾರಥಾನ್ ನವೆಂಬರಿನ ಮೊದಲ ಭಾನುವಾರ. 2015ರಲ್ಲಿ ಅದು ರಾಜ್ಯೋತ್ಸವದ ದಿನಕ್ಕೇ ಬಿದ್ದಿತ್ತು; 2026ರಲ್ಲೂ ಆ ಭಾನುವಾರ ನವೆಂಬರ್ 1ಕ್ಕೇ ಬೀಳುತ್ತದೆ. ವಿಲಿಸ್ ಅವೆನ್ಯೂ ಸೇತುವೆ ದಾಟಿ ಬ್ರಾಂಕ್ಸಿಗೆ ಕಾಲಿಟ್ಟ ಕಡೆ, ಇಪ್ಪತ್ತನೆಯ ಮೈಲಿಯ ಹತ್ತಿರ, ಎಲ್ಲರ ಕಾಲೂ ಕೈಕೊಡುವ ಜಾಗ. ಡೊಳ್ಳಿನ ತಂಡ ಅಲ್ಲಿಗೆ ಬೆಳಿಗ್ಗೆ ಬರುವುದು ಬೇಡ, ಮಧ್ಯಾಹ್ನ ಮೂರಕ್ಕೆ ಬಂದರೆ ಸಾಕು. ಸರದಿಯ ಮೇಲೆ ಬಡಿದು ಆರರವರೆಗೆ ನಿಲ್ಲಬೇಕು. ಡೊಳ್ಳು ಕೇಳಿಸಿದರೆ ಇಯರ್‌ಫೋನ್ ತೆಗೆಯುತ್ತೇನೆಂದು ಹಾಸನದವನು ಒಪ್ಪಿದ್ದಾನೆ. ರಾಜನ್-ನಾಗೇಂದ್ರರನ್ನು ಅರ್ಧಕ್ಕೆ ನಿಲ್ಲಿಸಬೇಕಾದರೆ ಬಡಿಯುವವರು ತಾಳ ತಪ್ಪಬಾರದು ಎಂಬ ಷರತ್ತು ಹಾಕಿಯೇ ಒಪ್ಪಿದ್ದಾನೆ.